ಕರಾಂಗ್‌ಸೆಲೋ ನಕ್ಷೆಯ ಸರದಿ

ಉತ್ತರ ಕರಾವಳಿ ಠಾಣೆ, ಜೂನ್ 6

ಗೌರವಾನ್ವಿತ ಬು ಎಂಡಾಂಗ್ ಕೊಸಾಸಿ ಅವರಿಗೆ,

ನಮಸ್ಕಾರ. ನಾನು ವಿನಾರ್ಸಿ. ನಮ್ಮ ಸಂಶೋಧನಾ ಸಂಸ್ಥೆಯ ಕರಾವಳಿ ಠಾಣೆಗೆ ಈ ಜನವರಿಯಲ್ಲಿ ಸೇರಿದವಳು. ಸಮುದ್ರದ ಉಬ್ಬರ ಊರೊಳಗೆ ಎಷ್ಟು ದೂರ ನುಗ್ಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಬಂಡುಂಗಿನಲ್ಲಿರುವ, ಎಲ್ಲ ಠಾಣೆಗಳ ಲೆಕ್ಕ ಓಡುವ ಲಿನಕ್ಸ್ ಕಂಪ್ಯೂಟರ್ ಕ್ಲಸ್ಟರ್ ನೋಡಿಕೊಳ್ಳುವವರು ನೀವೆಂದು ತಿಳಿದು ಬರೆಯುತ್ತಿದ್ದೇನೆ.

ನಿನ್ನೆ ಓಡಲು ಬಿಟ್ಟಿದ್ದ ನನ್ನ ಲೆಕ್ಕದ ಕತ್ತನ್ನು ಯಾರೋ ಹಿಸುಕಿದ್ದಾರೆ. ಪರದೆಯ ಮೇಲೆ ಒಂದೇ ಪದ ಬಂತು: ಕೊಲ್ಲಲಾಗಿದೆ. ಕೊಂದವರು ಯಾಕೆಂದು ಒಂದು ಸಾಲು ಬರೆಯುವ ಸೌಜನ್ಯವನ್ನೂ ತೋರಿಸಿಲ್ಲ.

ಜುಲೈ 13ಕ್ಕೆ ಜಿಲ್ಲಾ ಕಚೇರಿಯಲ್ಲಿ ಸಭೆ ಇದೆ. ಕಡಲಿನ ತಡೆಗೋಡೆ ಯಾವ ಗೆರೆಯ ಮೇಲೆ ಬರಬೇಕೆಂದು ಅವತ್ತು ತೀರ್ಮಾನವಾಗುತ್ತದೆ. ಕರಾಂಗ್‌ಸೆಲೋ ಎಂಬ ಕೇರಿಯನ್ನು ಒಳಗೆ ಹಾಕಿಕೊಂಡರೂ ಗೋಡೆ ನೀರನ್ನು ತಡೆಯುತ್ತದೆಯೇ ಎಂದು ತೋರಿಸುವ ನಕ್ಷೆ ನನ್ನಿಂದ ಹೋಗಬೇಕು. ನಕ್ಷೆ ಹೋಗದಿದ್ದರೆ ಹಳೆಯ ಗೆರೆಯೇ ಗಟ್ಟಿ, ಕೇರಿ ಹೊರಗೆ. ಅಲ್ಲಿನ ಜನ ಈಗಲೇ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದಾರೆ.

ಲೆಕ್ಕವನ್ನು ಮತ್ತೆ ಶುರು ಮಾಡಿದ್ದೇನೆ. ದಯವಿಟ್ಟು ಕೈ ಹಾಕಬೇಡಿ, ಬು.

ವಿನಾರ್ಸಿ


ಬಂಡುಂಗ್, ಜೂನ್ 7

ವಿನಾರ್ಸಿಯವರೇ,

ನಾನು ಬು ಅಲ್ಲ, ಪಾಕ್. ಮೀಸೆ ಇರುವ ಗಂಡಸು, ಮಕ್ಕಳೊಂದಿಗ. ನಿಮ್ಮ ಜಾವಾ ಕಡೆ ಎಂಡಾಂಗ್ ಎಂದರೆ ಹೆಂಗಸಿನ ಹೆಸರಿರಬಹುದು, ನಮ್ಮ ಸುಂದಾ ಸೀಮೆಯಲ್ಲಿ ಅದು ಗಂಡಸರದ್ದು. ನಿಮ್ಮ ಠಾಣೆಯಿಂದ ಬರುವ ಅರ್ಧ ಪತ್ರಗಳು ನನಗೆ ಹೆಂಗಸರ ಕೆಬಾಯಾ ರವಿಕೆ ತೊಡಿಸಿಕೊಂಡೇ ಬರುತ್ತವೆ.

ಕೊಂದದ್ದು ನಾನೇ. ನೀವು ಎರಡನೇ ಸಲ ಬಿಟ್ಟದ್ದನ್ನೂ ಈಗ ತಾನೇ ಕೊಂದೆ. ನೀವು ಲೆಕ್ಕ ಓಡಿಸಿದ್ದು ಲಾಗಿನ್ ಯಂತ್ರದ ಮೇಲೆ. ಅದು ಮನೆಯ ಬಾಗಿಲು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬರುವ ಜಾಗ. ಅಲ್ಲೇ ಒಲೆ ಹಚ್ಚಿ ಅಡುಗೆಗೆ ಕೂತರೆ ಉಳಿದವರು ಒಳಗೆ ಬರುವುದು ಹೇಗೆ? ನಿನ್ನೆ ಎಲ್ಲ ಠಾಣೆಯವರೂ ಹೊಸ್ತಿಲಾಚೆ ನಿಂತು ನನಗೆ ಫೋನು ಮಾಡಿ ಬೈದರು. ಲೆಕ್ಕವನ್ನು ಸರದಿಗೆ ಹಾಕಬೇಕು, ಸರದಿ ಬಂದಾಗ ಒಳಗಿನ ದೊಡ್ಡ ಯಂತ್ರಗಳು ಅದನ್ನು ಎತ್ತಿಕೊಳ್ಳುತ್ತವೆ. ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಓದುವ ಅಭ್ಯಾಸ ಇದ್ದರೆ ನೋಡಿ.

ಆದರೆ ಸರದಿಗೆ ಹಾಕಿದರೂ ನಿಮ್ಮ ಹೆಸರು ಎಲ್ಲರಿಗಿಂತ ಹಿಂದೆ ನಿಲ್ಲುತ್ತದೆ. ಯಂತ್ರದ ಹೊತ್ತನ್ನು ಹೆಚ್ಚು ಉಂಡವರಿಗೆ ಮುಂದಿನ ಪಂಕ್ತಿಯಲ್ಲಿ ಕೊನೆಯ ಜಾಗ. ಈ ವರ್ಷ ಇಡೀ ಸಂಸ್ಥೆಯಲ್ಲಿ ನಿಮ್ಮಷ್ಟು ಉಂಡವರು ಇನ್ನೊಬ್ಬರಿಲ್ಲ. ಹೊಸದಾಗಿ ಬಂದವರಿಗೆ ಇಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬಂತೋ ನನಗೆ ತಿಳಿಯದು.

ನಿಮ್ಮ ಕೇರಿಯ ವಿಷಯ ಓದಿದೆ. ನನಗೆ ಬರುವ ಪ್ರತಿ ಪತ್ರದಲ್ಲೂ ಒಂದು ಕೇರಿ ಇರುತ್ತದೆ.

ಎಂಡಾಂಗ್ ಕೊಸಾಸಿ


ಜೂನ್ 12

ಪಾಕ್ ಎಂಡಾಂಗ್,

ಈ ಸಲ ಸರಿಯಾಗಿದೆ ತಾನೆ? ಹೆಸರಿನ ತಪ್ಪಿಗೆ ಕ್ಷಮೆ ಇರಲಿ. ನಿಮ್ಮ ಮೀಸೆಗೆ ಇಷ್ಟು ಬೇಗ ನೋವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೈಪಿಡಿ ಓದಿದೆ. ಲೆಕ್ಕವನ್ನು ಸರದಿಗೆ ಹಾಕಿದೆ. ಯಾವಾಗ ಶುರುವಾಗುತ್ತದೆ ಎಂದು ಕೇಳಿದರೆ ನಿಮ್ಮ ಯಂತ್ರ ಆಗಸ್ಟ್ ಎನ್ನುತ್ತಿದೆ. ಸಭೆ ಜುಲೈ 13ಕ್ಕೆ ಎಂದು ಆಗಲೇ ಬರೆದಿದ್ದೆ. ಆಗಸ್ಟಿನಲ್ಲಿ ಬಂದ ನಕ್ಷೆಯನ್ನು ನಾನು ಏನು ಮಾಡಲಿ, ಅದರಲ್ಲಿ ಕರಿದ ಸೋಯಾ ತೆಂಪೆ ಕಟ್ಟಲೇ?

ಕೈಯಿಂದ ಒಂದು ಲೆಕ್ಕವನ್ನು ಮುಂದೆ ಹಾಕುವುದು ನಿಮಗೆ ಸಾಧ್ಯವಿದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಹಾಕಿ ಕೊಡಿ. ನನ್ನ ಹೊಟ್ಟೆಯ ಅಳತೆ ಬೇಡ. ನನ್ನ ಹೆಸರಿನಲ್ಲಿ ನಡೆಯುವುದೆಲ್ಲ ನನ್ನದೇ ಜವಾಬ್ದಾರಿ, ಅದಕ್ಕಿಂತ ಹೆಚ್ಚು ವಿವರಣೆ ನಿಮಗೆ ಬೇಕಾಗಿಲ್ಲ. ಹಾಕಿ ಕೊಡದಿದ್ದರೆ ಕೆಬಾಯಾ ತೊಡಿಸಿದ ಸೇಡು ಎಂದೇ ತಿಳಿಯುತ್ತೇನೆ.

ವಿನಾರ್ಸಿ


ಬಂಡುಂಗ್, ಜೂನ್ 20

ವಿನಾರ್ಸಿಯವರೇ,

ಸೇಡು ತೀರಿಸಿಕೊಳ್ಳಲು ನನಗೆ ಪುರುಸೊತ್ತಿಲ್ಲ. ಯಂತ್ರದ ಕೋಣೆಯ ಏಸಿ ಸೋರುತ್ತಿದೆ, ಅದರ ಕೆಳಗೆ ಬಕೆಟ್ ಇಟ್ಟುಕೊಂಡು ಕೂತಿದ್ದೇನೆ.

ನಿಮ್ಮ ಮೇಲೆ ದೂರು ಬಂದಿದೆ. ನಿಮ್ಮದೇ ಠಾಣೆಯಿಂದ. ಒಬ್ಬರೇ ದೊಡ್ಡ ಯಂತ್ರಗಳನ್ನೆಲ್ಲ ಹಿಡಿದುಕೊಂಡಿದ್ದಾರೆ, ಉಳಿದವರ ಕೆಲಸ ನಿಂತಿದೆ ಎಂದು. ದೂರು ಕೊಟ್ಟವರ ಹೆಸರು ಹೇಳುವಂತಿಲ್ಲ, ಹೇಳುವುದೂ ಇಲ್ಲ.

ದೂರು ಬಂದ ಮೇಲೆ ನಿಮ್ಮ ಹೆಸರಿನಲ್ಲಿ ಓಡುತ್ತಿರುವುದು ಏನೆಂದು ನೋಡಿದೆ. ಒಂದು ಭೂಕಂಪದ ಲೆಕ್ಕ, ತಿಂಗಳುಗಳಿಂದ ಅರ್ಧ ಕ್ಲಸ್ಟರನ್ನೇ ನುಂಗಿಕೊಂಡು ಕೂತಿದೆ. ಒಂದು ಹವಳದ ಲೆಕ್ಕ. ಉಬ್ಬರದ ಲೆಕ್ಕ ಒಂದೇ ಒಂದು, ಅದು ಬಾಲದಲ್ಲಿ ಕಾಯುತ್ತಿದೆ. ನೀವು ಉಬ್ಬರದವರು ಅಂದಿರಿ. ಭೂಕಂಪವೂ ನಿಮ್ಮದೇ, ಹವಳವೂ ನಿಮ್ಮದೇ? ಅಥವಾ ಪಾಸ್‌ವರ್ಡನ್ನು ಊರಿಗೆಲ್ಲ ಹಂಚಿದ್ದೀರಾ? ಹಂಚಿದ್ದರೆ ಖಾತೆಗೆ ಬೀಗ. ಬರಹದಲ್ಲಿ ಉತ್ತರ ಕೊಡಿ.

ಎಂಡಾಂಗ್ ಕೊಸಾಸಿ


ಜೂನ್ 21

ಪಾಕ್ ಎಂಡಾಂಗ್,

ಪಾಸ್‌ವರ್ಡ್ ಹಂಚಿಲ್ಲ. ತಿತಿಪ್ ತೆಗೆದುಕೊಂಡಿದ್ದೇನೆ, ಬೇರೆಯವರ ಲೆಕ್ಕವನ್ನು ನನ್ನ ಹೆಸರಿನಲ್ಲಿ ನಾನೇ ಓಡಿಸಿದ್ದೇನೆ.

ತಿತಿಪ್ ಎಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕೆ? ನೀವು ಪೇಟೆಗೆ ಹೊರಟಾಗ ಪಕ್ಕದ ಮನೆಯವರು "ನಂಗೂ ನಾಲ್ಕು ತಾಹು ತಂದ್ಬಿಡಿ" ಎಂದರೆ ಬರಹದಲ್ಲಿ ಅರ್ಜಿ ಕೇಳುತ್ತೀರಾ? ಇಲ್ಲ ಎನ್ನುವ ಬಾಯಿ ನಿಮ್ಮಲ್ಲಿ ಯಾರಿಗಾದರೂ ಇದೆಯೇ? ನಾನು ಸೇರಿದಾಗ ನಮ್ಮ ಠಾಣೆಯಲ್ಲಿ ಎಲ್ಲರ ಹೆಸರೂ ಉಂಡು ಉಂಡು ಹಿಂದೆ ಬಿದ್ದಿತ್ತು. ಹೊಸಬಳಾದ ನನ್ನ ಹೆಸರೊಂದೇ ಸರದಿಯಲ್ಲಿ ಮುಂದಿತ್ತು. ಮೊದಲ ವಾರವೇ ನಮ್ಮ ಠಾಣೆಯ ಮುಖ್ಯಸ್ಥರು ಪಾಕ್ ಬಸ್ಕೊರೊ ನನ್ನ ಮೇಜಿನ ಹತ್ತಿರ ಬಂದು ಕಿತ್ತಳೆ ಹಣ್ಣಿಟ್ಟರು. "ವಿನ್, ತಿತಿಪ್ ಒಂದೇ ಒಂದು, ಚಿಕ್ಕದು. ನನ್ ಭೂಕಂಪ" ಎಂದರು. ನನ್ನ ವರ್ಷದ ವರದಿಗೆ ಸಹಿ ಹಾಕುವವರು ಅವರು. ಸರದಿ ಎಂದರೇನೆಂದೂ ತಿಳಿಯದೆ ಅವರು ಬರೆದುಕೊಟ್ಟ ಸಾಲನ್ನು ಹಾಗೇ ಟೈಪ್ ಮಾಡಿದೆ, ಚಿಕ್ಕದು ಎಂದದ್ದು ಅರ್ಧ ಕ್ಲಸ್ಟರ್ ಆಗಿರಬಹುದೆಂದು ನನಗೆ ಹೇಗೆ ಗೊತ್ತು? ಆಮೇಲೆ ನನ್ನ ಪಕ್ಕದ ಮೇಜಿನ ಯೆಕ್ತಿ ತನ್ನ ಹವಳ ತಂದಳು. ಮುಖ್ಯಸ್ಥರದ್ದು ಆಗುತ್ತದೆ, ಗೆಳತಿಯದ್ದು ಆಗುವುದಿಲ್ಲ ಎನ್ನಲೇ?

ಇದೆಲ್ಲ ಗೊತ್ತಾದ ಮೇಲಾದರೂ ಬೀಗದ ಮಾತು ಬಿಟ್ಟು ನನ್ನ ಉಬ್ಬರವನ್ನು ಮುಂದೆ ಹಾಕಿ. ದೂರು ಕೊಟ್ಟವರ ಹೆಸರನ್ನೂ ಹೇಳಿ. ನನ್ನ ಹೆಗಲ ಮೇಲೆ ಕೂತು ನನ್ನದೇ ಕಿವಿ ಕಚ್ಚಿದವರು ಯಾರೆಂದು ತಿಳಿಯುವ ಹಕ್ಕು ನನಗಿದೆ.

ವಿನಾರ್ಸಿ


ಬಂಡುಂಗ್, ಜೂನ್ 23

ವಿನಾರ್ಸಿಯವರೇ,

ಬೇರೆಯವರ ಕೆಲಸವನ್ನು ನಿಮ್ಮ ಹೆಸರಿನಲ್ಲಿ ಓಡಿಸಿದ್ದೀರಿ, ಅದನ್ನು ಬರಹದಲ್ಲೂ ಒಪ್ಪಿದ್ದೀರಿ. ಜುಲೈ 3ರ ಸೋಮವಾರದಿಂದ ನಿಮ್ಮ ಖಾತೆಗೆ ಬೀಗ ಬೀಳುತ್ತದೆ. ತಾಹುವಿನ ಕಥೆ ಚೆನ್ನಾಗಿತ್ತು. ಪೇಟೆಯಿಂದ ತಾಹು ತಂದುಕೊಟ್ಟರೆ ಪಕ್ಕದವರ ಹೊಟ್ಟೆ ತುಂಬುತ್ತದೆ. ನೀವು ತಂದುಕೊಟ್ಟದ್ದು ಇನ್ನೂ ಹಸಿದು ನಿಂತವರ ತಟ್ಟೆಯಿಂದ.

ಅಲ್ಲಿಯವರೆಗೆ ಒಂದು ದಾರಿ ಇದೆ. ತಿತಿಪ್ ಕೆಲಸಗಳನ್ನು ರದ್ದು ಮಾಡಿ. ಅವು ನಿಮ್ಮ ಹೆಸರಿನವು, ನಿಮ್ಮ ಕೈಯಿಂದಲೇ ಆಗಬೇಕು. ಅಷ್ಟು ಯಂತ್ರಗಳು ಬಿಡುವಾದರೆ ಬಾಲದಲ್ಲಿರುವವರಿಗೂ ಬೇಗ ಸಿಕ್ಕೀತು. ಇಲ್ಲ ಎನ್ನುವ ಬಾಯಿ ಇಲ್ಲವೆಂದಿರಿ. ರದ್ದು ಮಾಡಲು ಬಾಯಿ ಬೇಡ, ಬೆರಳು ಸಾಕು.

ದೂರು ಕೊಟ್ಟವರ ಹೆಸರು ಹೇಳುವುದಿಲ್ಲ.

ಎಂಡಾಂಗ್ ಕೊಸಾಸಿ


ಜೂನ್ 27, ಬೆಳಿಗ್ಗೆ

ಪಾಕ್ ಎಂಡಾಂಗ್,

ನೀವು ಹೇಳದಿದ್ದರೇನು, ನಾನೇ ಕಂಡುಹಿಡಿದೆ. ಯೆಕ್ತಿಯ ಇನ್ನೊಂದು ಕೆಲಸ ಅವಳ ಹೆಸರಿನಲ್ಲೇ ನಿಂತಿದೆಯಂತೆ, ಮೊನ್ನೆ ಎಲ್ಲರೆದುರು ಗೊಣಗಿದಳು. ಅಷ್ಟು ಸಾಕಾಯಿತು. ಕ್ಯಾಂಟೀನಿನಲ್ಲಿ ಅವಳ ತಟ್ಟೆ ಎದುರು ನಿಂತು ಕೇಳಿಯೇಬಿಟ್ಟೆ.

"ನನ್ ಹೆಸರಲ್ಲಿ ತಿಂದು ನನ್ ಮೇಲೇ ಚಾಡಿ ಹೇಳ್ತೀಯಾ?"

"ಏನ್ ಮಾತಾಡ್ತಿದೀಯ ವಿನ್? ಯಾರ್ ಹೇಳಿದ್ದು?"

"ಬಂಡುಂಗಿನವರಿಗೆ ಬರ್ದಿದ್ದು ನೀನೇ ತಾನೆ? ನಾಚ್ಕೆ ಆಗಲ್ವಾ?"

ಅವಳು ಅತ್ತಳು. ಅಳುವವರೆಲ್ಲ ನಿರಪರಾಧಿಗಳಲ್ಲ. ಅಲ್ಲಿಂದ ನೇರ ಮೇಜಿಗೆ ಬಂದು ಅವಳ ಹವಳವನ್ನು ರದ್ದು ಮಾಡಿದೆ. ನೀವು ಹೇಳಿದಂತೆ ಬೆರಳು ಸಾಕಾಯಿತು.

ಪಾಕ್ ಬಸ್ಕೊರೊ ಅವರದ್ದನ್ನು ಮುಟ್ಟಿಲ್ಲ. ಅವರು ಹಿರಿಯರು, ಈ ವರ್ಷದ ಕೊನೆಗೆ ನಿವೃತ್ತರಾಗುವವರು, ಇದು ಅವರ ಕೊನೆಯ ಪ್ರಬಂಧ. ಅಷ್ಟು ಕೃತಘ್ನಳಲ್ಲ ನಾನು. ಈಗ ನನ್ನ ಉಬ್ಬರ ಮುಂದೆ ಬಂತೇ?

ವಿನಾರ್ಸಿ


ಬಂಡುಂಗ್, ಜೂನ್ 27, ಮಧ್ಯಾಹ್ನ

ಏನು ಮಾಡಿಬಿಟ್ಟಿರಿ!

ದೂರು ಕೊಟ್ಟದ್ದು ಆ ಹೆಂಗಸಲ್ಲ. ಪಾಕ್ ಬಸ್ಕೊರೊ. ಸಹಿ, ಮೊಹರು ಎಲ್ಲ ಅವರದ್ದೇ. ಅವರ ಹೆಸರಿನಲ್ಲಿ ಇನ್ನೊಂದು ಕೆಲಸ ಸರದಿಯಲ್ಲಿದೆ. ಅದನ್ನು ತಡೆದು ಕೂತಿರುವುದು ನಿಮ್ಮ ಹೆಸರಿನಲ್ಲಿರುವ ಅವರದೇ ಭೂಕಂಪ. ತಮ್ಮ ಕೆಲಸಕ್ಕೆ ತಮ್ಮದೇ ಕೆಲಸ ಅಡ್ಡ ಬಂತೆಂದು ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ.

ಹನ್ನೊಂದು ವರ್ಷದಲ್ಲಿ ದೂರುದಾರರ ಹೆಸರನ್ನು ಇದೇ ಮೊದಲ ಸಲ ಬಾಯಿ ಬಿಡುತ್ತಿದ್ದೇನೆ. ನಿಮಗಾಗಿ ಅಲ್ಲ, ಆ ಯೆಕ್ತಿಯವರಿಗಾಗಿ. ಅವರ ಲೆಕ್ಕ ಮುಗಿಯಲು ಬಂದಿತ್ತು. ನಡುನಡುವೆ ಉಳಿಸಿಕೊಳ್ಳುವ ವ್ಯವಸ್ಥೆ ಅವರು ಮಾಡಿಕೊಂಡಿರಲಿಲ್ಲ, ನೋಡಿದೆ. ಒಂದು ಅಂಕಿಯೂ ಉಳಿದಿಲ್ಲ. ನಾನು ನಿಮ್ಮ ಲೆಕ್ಕ ಕೊಂದದ್ದಕ್ಕೆ ಅಷ್ಟು ಕೂಗಾಡಿದಿರಲ್ಲ, ಈಗ ನಿಮ್ಮ ಕೈ ನೋಡಿಕೊಳ್ಳಿ.

ನಿಮ್ಮ ಉಬ್ಬರ ಮುಂದೆ ಬಂದಿಲ್ಲ. ಹವಳ ಬಿಟ್ಟ ಜಾಗ ಅದಕ್ಕೆ ಸಾಲುವುದಿಲ್ಲ.

ಎಂಡಾಂಗ್


ಜೂನ್ 30

ಪಾಕ್ ಎಂಡಾಂಗ್,

ಅವರ ಕೋಣೆಗೆ ಹೋದೆ. ಕೂರಿಸಿದರು, ಚಹಾ ತರಿಸಿದರು.

"ಪಾಕ್, ನನ್ ಮೇಲೆ ದೂರು ಕೊಟ್ರಾ?"

"ಅಯ್ಯೋ ವಿನ್, ಅದು ನಿನ್ ಮೇಲಲ್ಲಮ್ಮ. ಆ ಹೆಸರಿನ ಮೇಲೆ."

"ಆ ಹೆಸರು ನಂದೇ ಅಲ್ವಾ ಪಾಕ್?"

"ನಿಂದೇ. ಆದ್ರೆ ನನ್ ಕೆಲಸ ನಿಂತೋಗಿತ್ತು ನೋಡು. ಯಾರ್ ಹಿಡ್ಕೊಂಡಿದಾರೆ ಅಂತ ನೋಡಿದ್ರೆ ನಿನ್ ಹೆಸರು ಬಂತು. ದೂರು ಕೊಡ್ದಿದ್ರೆ ಆ ಬಂಡುಂಗಿನವ್ರು ಅಲ್ಲಾಡಲ್ಲ."

"ಹಿಡ್ಕೊಂಡಿರೋದು ನಿಮ್ ಭೂಕಂಪನೇ."

"ಅದು ಅವರಿಗೆ ಗೊತ್ತಿರ್ಲಿಲ್ವಲ್ಲ" ಎಂದು ನಕ್ಕರು. ನಗು ನಿಜವಾಗಿಯೂ ಮುದ್ದಾಗಿತ್ತು, ಅದೇ ನನ್ನ ಹೊಟ್ಟೆ ಉರಿಸಿದ್ದು.

ಜುಲೈ 13ರ ಸಭೆ ನೆನಪಿಸಿದೆ. ಭೂಕಂಪವನ್ನು ರದ್ದು ಮಾಡಲೇ ಎಂದು ಕೇಳಿದೆ.

"ಮಾಡು. ನಿನ್ ಹೆಸರು, ನಿನ್ ಇಷ್ಟ. ಡಿಸೆಂಬರಲ್ಲಿ ನಿನ್ ವರದಿಗೆ ಸಹಿ ಹಾಕೋದು ನನ್ನಿಷ್ಟ. ಚಹಾ ಆರ್ತಿದೆ, ಕುಡಿ."

ಕುಡಿಯಲಿಲ್ಲ. ಮೇಜಿಗೆ ಬಂದು ರದ್ದು ಮಾಡಿದೆ. ಆದರೆ ನನ್ನ ಉಬ್ಬರ ಇನ್ನೂ ಬಾಲದಲ್ಲೇ ಇದೆ! ಬಿಡುವಾದ ಯಂತ್ರಗಳನ್ನೆಲ್ಲ ಬೇರೆಯವರು ಹಿಡಿದರು. ಉಂಡದ್ದು ಅವರು, ಎಂಜಲು ತಟ್ಟೆ ಮಾತ್ರ ಇನ್ನೂ ನನ್ನ ಹೆಸರಿನ ಮುಂದಿದೆ.

ಬೀಗಕ್ಕೆ ಮೊದಲು ಕೈಯಿಂದ ಮುಂದೆ ಹಾಕಿ. ಬೇಡಿಕೊಳ್ಳುತ್ತಿದ್ದೇನೆ. ನಿಮಗೆ ಬೇಕಾದದ್ದು ಅದೇ ಆಗಿದ್ದರೆ ಸಿಕ್ಕಿತು.

ವಿನಾರ್ಸಿ


ಬಂಡುಂಗ್, ಜುಲೈ 3

ವಿನಾರ್ಸಿಯವರೇ,

ಭೂಕಂಪ ರದ್ದಾದದ್ದು ಇಲ್ಲಿಂದಲೂ ಕಂಡಿತು. ಆ ಧೈರ್ಯ ಜನವರಿಯಲ್ಲೇ ಇದ್ದಿದ್ದರೆ ನಾವಿಬ್ಬರೂ ಇಷ್ಟು ಪತ್ರ ಬರೆಯಬೇಕಾಗುತ್ತಿರಲಿಲ್ಲ.

ಉಂಡದ್ದನ್ನು ಯಂತ್ರ ಬೇಗ ಮರೆಯುವುದಿಲ್ಲ, ನಿಧಾನಕ್ಕೆ ಮರೆಯುತ್ತದೆ. ಕೈಯಿಂದ ಮುಂದೆ ಹಾಕಲು ನನಗೆ ಸಾಧ್ಯವಿದೆ. ಅದಕ್ಕೆ ಠಾಣೆಯ ಮುಖ್ಯಸ್ಥರ ಪತ್ರ ಬೇಕು. ನಿಮ್ಮ ಮುಖ್ಯಸ್ಥರು ಪಾಕ್ ಬಸ್ಕೊರೊ. ಅವರ ವಿಷಯ ನಾನು ಮೇಲಿನವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಪತ್ರವಿಲ್ಲದೆ ಹಾಕುವುದಿಲ್ಲ. ನಿಮಗೊಬ್ಬರಿಗೆ ಹಾಕಿದರೆ ನಾಳೆ ಎಲ್ಲರೂ ಒಂದೊಂದು ಕೇರಿ ಹೊತ್ತುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಕಲ್ಲೆದೆಯವನು ಎನ್ನಿ, ಕೇಳಿ ಅಭ್ಯಾಸವಾಗಿದೆ.

ಇವತ್ತು ಬೆಳಿಗ್ಗೆ ನಿಮ್ಮ ಖಾತೆಗೆ ಬೀಗ ಹಾಕಿದೆ.

ಎಂಡಾಂಗ್ ಕೊಸಾಸಿ


ಜುಲೈ 14

ಪಾಕ್ ಎಂಡಾಂಗ್,

ಸಭೆ ಮುಗಿಯಿತು. ನಿಮಗೆ ಬೇಕೋ ಬೇಡವೋ, ಹೇಳುತ್ತೇನೆ.

ನಕ್ಷೆ ಎಲ್ಲಿ ಎಂದು ಜಿಲ್ಲೆಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಾಕ್ ಬಸ್ಕೊರೊ ಎದ್ದು, ನಮ್ಮ ಕಿರಿಯ ಸಿಬ್ಬಂದಿಯೊಬ್ಬರು ನಿಯಮ ಮುರಿದು ಖಾತೆ ಕಳೆದುಕೊಂಡಿದ್ದಾರೆ, ಠಾಣೆಯ ಪರವಾಗಿ ವಿಷಾದಿಸುತ್ತೇನೆ ಎಂದರು. ಎಲ್ಲರೂ ನನ್ನನ್ನು ನೋಡಿದರು. ಹಳೆಯ ಗೆರೆಯೇ ಖಾಯಂ ಆಯಿತು. ಡಬ್ಬಿ ಊಟ ಹಂಚಿದರು.

ಕರಾಂಗ್‌ಸೆಲೋದಿಂದ ದರ್ಮಿ ಅಜ್ಜಿ ಬಂದಿದ್ದರು. ಒಣ ಮೀನು ಮಾರುವವರು, ನೀರಿನ ಗುರುತು ಅಳೆಯಲು ನಾನು ಹೋದಾಗಲೆಲ್ಲ ನನಗೆ ಅನ್ನ ಹಾಕಿದವರು. ಅಲ್ಲಿ ಆಡಿದ ಮಾತು ಅವರಿಗೆ ಒಂದೂ ಅರ್ಥವಾಗಿರಲಿಲ್ಲ. ಹೊರಗೆ ನನ್ನ ಕೈ ಹಿಡಿದು ಕೇಳಿದರು: "ಮಗಾ, ನಾವು ಒಳಗಾ, ಹೊರಗಾ?"

"ಹೊರಗೆ" ಎಂದೆ.

ನೀವು ನಿಮ್ಮ ಸರದಿಯನ್ನು ಚೆನ್ನಾಗಿ ಕಾದಿರಿ. ಅದರಲ್ಲಿ ಒಂದು ಧೂಳೂ ಕೂರದಿರಲಿ.

ವಿನಾರ್ಸಿ


ಬಂಡುಂಗ್, ಜುಲೈ 24

ವಿನಾರ್ಸಿಯವರೇ,

ನಿಮ್ಮ ಪತ್ರ ಬಂದ ಮೇಲೆ ಉತ್ತರ ಬರೆಯಲು ಕೂತು ಎದ್ದೆ, ಕೂತು ಎದ್ದೆ. ಕೊನೆಗೆ ಬೀಗ ಹಾಕಿದ ನಿಮ್ಮ ಫೋಲ್ಡರಿನಿಂದ ಉಬ್ಬರದ ಲೆಕ್ಕವನ್ನು ತೆಗೆದು ನನ್ನ ಹೆಸರಿನಲ್ಲಿ ಸರದಿಗೆ ಹಾಕಿದೆ. ನಾನು ಯಂತ್ರ ಕಾಯುವವನು, ನನ್ನದೆಂದು ಯಾವ ಲೆಕ್ಕವೂ ಇರಲಿಲ್ಲ. ಏನೂ ಉಣ್ಣದ ಹೆಸರು. ಹಾಕಿದ ಕೂಡಲೇ ಓಡಿತು, ವಾರದೊಳಗೆ ಮುಗಿಯಿತು.

ನಕ್ಷೆ ಇದರ ಜೊತೆಗಿದೆ. ಕರಾಂಗ್‌ಸೆಲೋವನ್ನು ಒಳಗೆ ಹಾಕಿಕೊಂಡರೂ ಗೋಡೆ ನೀರನ್ನು ತಡೆಯುತ್ತದೆ. ಕೇರಿಯ ಒಂದು ಮನೆಯೂ ಒದ್ದೆಯಾಗುವುದಿಲ್ಲ.

ಇದನ್ನು ಕಳಿಸದೇ ಇರಬಹುದಿತ್ತು. ಕಳಿಸಿದ್ದೇನೆ. ಮೊದಲೇ ಮಾಡಬಹುದಿತ್ತಲ್ಲ ಎಂದು ನೀವು ಬರೆಯುತ್ತೀರಿ. ಹೌದು. ಜೂನ್‌ನಲ್ಲೂ ಮಾಡಬಹುದಿತ್ತು, ಜುಲೈ 3ರ ಬೆಳಿಗ್ಗೆ ಬೀಗ ಹಾಕುವ ಮೊದಲೂ ಮಾಡಬಹುದಿತ್ತು. ಗೊತ್ತಿದ್ದೇ ಮಾಡಲಿಲ್ಲ. ಮಾಡದಿದ್ದುದೇ ಸರಿ ಎಂದು ಆಗ ಅನ್ನಿಸಿತ್ತು.

ಎಂಡಾಂಗ್


ಆಗಸ್ಟ್ 9

ಪಾಕ್ ಎಂಡಾಂಗ್,

ನಕ್ಷೆ ಸಿಕ್ಕಿತು. ಜಿಲ್ಲಾ ಕಚೇರಿಗೆ ಒಯ್ದೆ. ಆದೇಶಕ್ಕೆ ಸಹಿ ಬಿದ್ದಿದೆ, ಮರುಪರಿಶೀಲನೆಗೆ ಅವಕಾಶವಿಲ್ಲ ಎಂದರು. ಕರಾಂಗ್‌ಸೆಲೋದ ಬೆನ್ನ ಹಿಂದೆ ಕಾಂಕ್ರೀಟ್ ಕಂಬ ಹೊಡೆಯುತ್ತಿದ್ದಾರೆ. ಠಾಣೆಯ ಮೇಜಿನಲ್ಲಿ ಕೂತರೂ ಆ ಸದ್ದು ಕೇಳುತ್ತದೆ. ಪಾಕ್ ಬಸ್ಕೊರೊ ಅವರ ಇನ್ನೊಂದು ಕೆಲಸ ಮುಗಿಯಿತಂತೆ, ಎಲ್ಲರಿಗೂ ಮಾರ್ತಬಾಕ್ ತಿಂಡಿ ತರಿಸಿದ್ದರು. ಯೆಕ್ತಿಯ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಕೇಳಿಸಿಕೊಂಡಳು. ಮೇಜನ್ನು ಕಿಟಕಿಯ ಕಡೆಗೆ ಬದಲಾಯಿಸಿಕೊಂಡಿದ್ದಾಳೆ.

ಭಾನುವಾರ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಕೇರಿಗೆ ಹೋದೆ. ಯಾಕೆ ಹೋದೆನೋ, ನಿಮ್ಮ ಮೇಲಿನ ಸಿಟ್ಟನ್ನು ಯಾರಿಗಾದರೂ ತೋರಿಸಬೇಕಿತ್ತೇನೋ. ದರ್ಮಿ ಅಜ್ಜಿ ಪಾದ ಮುಳುಗುವ ನೀರಿನಲ್ಲಿ ನಿಂತು ಮೀನು ಆರಿಸುತ್ತಿದ್ದರು. ಅವರಿಗೆ ಓದಲು ಬಾರದು, ಬಣ್ಣ ತಿಳಿಯುತ್ತದೆ. ನೀಲಿ ನೀರು, ಹಳದಿ ಒಣ ನೆಲ ಎಂದು ಹೇಳಿದೆ. ಮಸೀದಿಯಿಂದ ಬೆರಳಿಟ್ಟುಕೊಂಡು ಬಂದು ತಮ್ಮ ಮನೆಯನ್ನು ತಾವೇ ಹುಡುಕಿದರು.

"ಹಳದಿ! ನಮ್ದು ಹಳದಿ ಕಣೇ!" ಎಂದು ಪಕ್ಕದ ಮನೆಯವರನ್ನು ಕೂಗಿ ಕರೆದರು. "ಹಂಗಾದ್ರೆ ನಾವು ಒಳಗೆ, ಅಲ್ವಾ ಮಗಾ?"

ಇದು ಕಟ್ಟದೇ ಬಿಟ್ಟ ಗೋಡೆಯ ನಕ್ಷೆ ಎಂದು ಹೇಳಬೇಕಾಯಿತು. ಕೂಗಿದ್ದಕ್ಕೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ನೀರು ತುಳಿದು ಮನೆಗೆ ಮರಳಿದರು.

"ಇಷ್ಟ್ ಚೆನ್ನಾಗಿ ಬರ್ದಿದಾರೆ. ಸಭೆಗೆ ಯಾಕ್ ತರ್ಲಿಲ್ಲ?" ಎಂದು ಅಜ್ಜಿ ಕೇಳಿದರು.

ನನ್ನ ಪಾಲಿನದ್ದನ್ನು ಹೇಳಿದೆ. ದೊಡ್ಡವರಿಗೆ ಇಲ್ಲ ಎನ್ನಲಾಗದೆ ನಿಮ್ಮ ಸರದಿಯನ್ನು ಅವರಿಗೆ ಕೊಟ್ಟೆ ಅಜ್ಜಿ, ಎಂದೆ. ಅವರು ಬೈಯಲಿಲ್ಲ. ತಲೆಯಾಡಿಸಿ, "ಇದನ್ನ ಬರ್ದೋರು ಯಾರು? ಮೊದ್ಲೇ ಬರ್ದು ಕೊಡೋಕೆ ಅವ್ರಿಗೆ ಏನಾಗಿತ್ತು?" ಎಂದರು.

ಅದಕ್ಕೆ ಉತ್ತರ ಇರುವುದು ನಿಮ್ಮ ಹತ್ತಿರ. ಕಾಗದದಲ್ಲಿ ಬರೆದು ಕಳಿಸಬೇಡಿ, ಅವರಿಗೆ ಓದಲು ಬಾರದು. ಬಂಡುಂಗಿನಿಂದ ರೈಲಿದೆ. ಬಂದು, ಆ ನೀರಿನಲ್ಲಿ ನಿಂತು, ನೀವೇ ಹೇಳಿ.

ವಿನಾರ್ಸಿ